ಹರೆಯದ ದೇಶ, ಬೆಂಕಿಪುರದ ಲೆಕ್ಕ

2001ರ ಜನಗಣತಿಯಲ್ಲಿ ಭದ್ರಾವತಿ ನಗರದ ಜನಸಂಖ್ಯೆ ಸುಮಾರು 1.60 ಲಕ್ಷ. 2011ರಲ್ಲಿ ಅದು 1.51 ಲಕ್ಷ. ಆ ನಡುವೆ ಊರು ಮುಳುಗಿರಲಿಲ್ಲ, ಪಿಡುಗು ಬಡಿದಿರಲಿಲ್ಲ. ಅದೇ ಹತ್ತು ವರ್ಷದಲ್ಲಿ ಕರ್ನಾಟಕದ ಜನಸಂಖ್ಯೆ ಶೇ 15.6ರಷ್ಟು ಏರಿತು. ಇಪ್ಪತ್ತು ಕಿಲೋಮೀಟರ್ ಆಚೆಯ ಶಿವಮೊಗ್ಗ ನಗರ 2.74 ಲಕ್ಷದಿಂದ 3.22 ಲಕ್ಷ ಮುಟ್ಟಿತು. ಇಡೀ ಶಿವಮೊಗ್ಗ ಜಿಲ್ಲೆಯನ್ನು ತೆಗೆದುಕೊಂಡರೆ ಏರಿಕೆ ಶೇ 6.7 ಮಾತ್ರ. ಹುಟ್ಟಿದವರೆಲ್ಲ ಇಲ್ಲೇ ಉಳಿದಿದ್ದರೆ ಈ ಅಂಕಿ ಇಷ್ಟು ಸಣ್ಣದಾಗಿರುತ್ತಿರಲಿಲ್ಲ.

ಇನ್ನೊಂದು ಕಡೆ, 2023ರ ಏಪ್ರಿಲ್‌ನಲ್ಲಿ ಭಾರತ ಚೀನಾವನ್ನು ದಾಟಿ ಜಗತ್ತಿನ ಅತಿ ಹೆಚ್ಚು ಜನರ ದೇಶವಾಯಿತು ಎಂದು ವಿಶ್ವಸಂಸ್ಥೆ ಅಂದಾಜಿಸಿತು. ನಮ್ಮ ಜನರ ಮಧ್ಯಾಂಕ ವಯಸ್ಸು ಸುಮಾರು 28. ಚೀನಾದ್ದು 39, ಜಪಾನಿನದು 49. ಅಂದಿನಿಂದ ಯಾವ ಘಟಿಕೋತ್ಸವಕ್ಕೆ ಹೋದರೂ, ಯಾವ ಬಜೆಟ್ ಭಾಷಣ ಕೇಳಿದರೂ 'ಯುವ ದೇಶ' ಎಂಬ ಮಾತು ತಪ್ಪುವುದಿಲ್ಲ. ಆ ಮಾತಿನ ಅರ್ಥವನ್ನು ದೆಹಲಿಯ ಸರಾಸರಿಗಳಲ್ಲಿ ಹುಡುಕುವುದಕ್ಕಿಂತ ಭದ್ರಾವತಿ–ಶಿವಮೊಗ್ಗ ರಸ್ತೆಯಲ್ಲಿ ಹುಡುಕುವುದು ಮೇಲು. ಸರ್ಕಾರವೇ ಕೈಗಾರಿಕೆ ಕಟ್ಟಿ ದುಡಿಯುವ ಕೈಗಳನ್ನು ಬರಮಾಡಿಕೊಂಡ ನೂರು ವರ್ಷದ ಪ್ರಯೋಗವೊಂದು ಈ ರಸ್ತೆಯ ಒಂದು ತುದಿಯಲ್ಲಿದೆ. ಓದಿದ ಕೈಗಳನ್ನು ರೈಲು ಹತ್ತಿಸಿ ಕಳಿಸುವ ಊರು ಇನ್ನೊಂದು ತುದಿಯಲ್ಲಿದೆ.

ಅರ್ಥಶಾಸ್ತ್ರಜ್ಞರು 'ಜನಸಂಖ್ಯಾ ಲಾಭಾಂಶ' ಎನ್ನುವುದು ಹೀಗೆ ಕೆಲಸ ಮಾಡುತ್ತದೆ. ಹುಟ್ಟುವ ಮಕ್ಕಳ ಸಂಖ್ಯೆ ಇಳಿದಾಗ, ಅದಕ್ಕೂ ಮುಂಚೆ ಹುಟ್ಟಿದ ದೊಡ್ಡ ಪೀಳಿಗೆ ದುಡಿಯುವ ವಯಸ್ಸಿಗೆ ಬಂದಿರುತ್ತದೆ. ಮನೆಯಲ್ಲಿ ಬರೀ ಉಣ್ಣುವವರಿಗಿಂತ ದುಡಿಯುವವರು ಹೆಚ್ಚು. ತಾಯಂದಿರು ಕೆಲಸಕ್ಕೆ ಹೋಗಬಲ್ಲರು, ಇರುವ ಒಂದೆರಡು ಮಕ್ಕಳನ್ನು ಚೆನ್ನಾಗಿ ಓದಿಸಬಹುದು, ಕೈಯಲ್ಲಿ ನಾಲ್ಕು ಕಾಸು ಉಳಿಯುತ್ತದೆ. ಆ ಉಳಿತಾಯ ಬ್ಯಾಂಕಿನ ಮೂಲಕ ಬಂಡವಾಳವಾಗಿ ಹೊಸ ಕಾರ್ಖಾನೆ ಕಟ್ಟುತ್ತದೆ. ಪೂರ್ವ ಏಷ್ಯಾದ 'ಪವಾಡ'ದಲ್ಲಿ ಮೂರನೇ ಒಂದು ಭಾಗದಷ್ಟು ಈ ವಯಸ್ಸಿನ ಲೆಕ್ಕದಿಂದಲೇ ಬಂದಿರಬಹುದು ಎಂದು ಡೇವಿಡ್ ಬ್ಲೂಮ್ ಮತ್ತು ಜೆಫ್ರಿ ವಿಲಿಯಮ್ಸನ್ 1990ರ ದಶಕದ ಕೊನೆಗೆ ವಾದಿಸಿದರು. ಈ ಸರಪಳಿಯಲ್ಲಿ ಒಂದು ಕೊಂಡಿಯನ್ನು ಭಾಷಣಕಾರರು ಸಾಮಾನ್ಯವಾಗಿ ಹಾರಿಸಿಬಿಡುತ್ತಾರೆ: ದುಡಿಯುವವನ ಕೈಯಲ್ಲಿ ಏನಾದರೂ ಉಳಿಯಬೇಕು. ಬರೀ ಕೆಲಸವಿದ್ದು, ತಿಂಗಳ ಕೊನೆಗೆ ಉಳಿಯುವುದು ಸೊನ್ನೆಯಾದರೆ ಸರಪಳಿ ಅಲ್ಲಿಗೇ ಕಡಿಯಿತು.

ಸಮಯವೂ ಬಹಳ ಇಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ (2019–21) ಪ್ರಕಾರ ದೇಶದ ಒಟ್ಟು ಫಲವತ್ತತೆ ದರ 2.0, ಕರ್ನಾಟಕದ್ದು 1.7. ಜನಸಂಖ್ಯೆ ಇದ್ದಷ್ಟೇ ಉಳಿಯಲು ಬೇಕಾದದ್ದು 2.1. 2036ರ ಹೊತ್ತಿಗೆ ದೇಶದ ಸುಮಾರು ಶೇ 15ರಷ್ಟು ಜನ 60 ದಾಟಿರುತ್ತಾರೆ ಎಂಬುದು ಸರ್ಕಾರದ್ದೇ ಅಂದಾಜು. ಮಲೆನಾಡಿನಲ್ಲಿ ಇದನ್ನು ನೋಡಲು 2036ರವರೆಗೆ ಕಾಯಬೇಕಿಲ್ಲ. ತೀರ್ಥಹಳ್ಳಿ, ಹೊಸನಗರದ ಕಡೆ ಬೆರಳೆಣಿಕೆಯ ಮಕ್ಕಳಿಗಾಗಿ ನಡೆಯುವ ಸರ್ಕಾರಿ ಶಾಲೆಗಳಿವೆ. ತೋಟದ ದೊಡ್ಡ ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ, ಮಕ್ಕಳು ಹಬ್ಬಕ್ಕೆ ಬರುವವರು. ದೇಶಕ್ಕೆ ಹರೆಯವಿರುವಾಗಲೇ ಅದರ ಕೆಲವು ಮೂಲೆಗಳಿಗೆ ಮುಪ್ಪು ಬಂದುಬಿಟ್ಟಿದೆ.

ಇನ್ನು ಭದ್ರಾವತಿ. ಹಳೆಯ ಹೆಸರು ಬೆಂಕಿಪುರ. ಹೊಯ್ಸಳರ ಲಕ್ಷ್ಮೀನರಸಿಂಹ ದೇವಸ್ಥಾನ, ಭದ್ರಾ ಹೊಳೆ, ಸುತ್ತ ಕಾಡು. 1923ರ ಜನವರಿಯಲ್ಲಿ ಇಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ ಶುರುವಾಯಿತು. ಅದಿರು ಕೆಮ್ಮಣ್ಣುಗುಂಡಿಯಿಂದ, ಇಂಧನ ಕಾಡಿನ ಮರ ಸುಟ್ಟ ಇದ್ದಿಲು. ಕಲ್ಲಿದ್ದಲೇ ಇಲ್ಲದ ಸೀಮೆಯಲ್ಲಿ ಕಬ್ಬಿಣ ಕರಗಿಸುವ ಸಾಹಸ ಅದು. ಶುರುವಿನಲ್ಲೇ ಪೆಟ್ಟು ಬಿತ್ತು: ಮೊದಲ ಮಹಾಯುದ್ಧದ ನಂತರ ಬೀಡುಕಬ್ಬಿಣದ ಬೆಲೆ ಕುಸಿದಿತ್ತು. ಮರ ಬಟ್ಟಿಯಿಳಿಸಿ ಮಾರುವ ರಾಸಾಯನಿಕಗಳಿಗೂ ಜರ್ಮನಿಯ ಕೃತಕ ಮೆಥನಾಲ್ ಎದುರಾಳಿಯಾಯಿತು. ದಿವಾನಗಿರಿ ಬಿಟ್ಟು ಐದು ವರ್ಷವಾಗಿದ್ದ ವಿಶ್ವೇಶ್ವರಯ್ಯನವರನ್ನು ಮಹಾರಾಜರು ಕರೆದು ಆಡಳಿತ ಮಂಡಳಿಯ ಅಧ್ಯಕ್ಷರನ್ನಾಗಿ ಮಾಡಿದರು. 1929ರವರೆಗೆ ಅವರು ಅಲ್ಲಿದ್ದರು. ಖರ್ಚು ಕಡಿತ ಎಲ್ಲರೂ ಮಾಡುವುದೇ. ಅವರು ಮಾಡಿದ ದೊಡ್ಡ ಕೆಲಸ, ವಿದೇಶಿ ತಂತ್ರಜ್ಞರ ಜಾಗಕ್ಕೆ ಇಲ್ಲಿನವರನ್ನು ತರಬೇತು ಮಾಡಿ ತಂದದ್ದು. 1930ರ ದಶಕದಲ್ಲಿ ಉಕ್ಕು ಬಂತು, ಸಿಮೆಂಟ್ ಬಂತು; 1936ರಲ್ಲಿ ಮೈಸೂರು ಪೇಪರ್ ಮಿಲ್ಸ್ ಸ್ಥಾಪನೆಯಾಯಿತು. ಅದೇ ಎಂಪಿಎಂ 1980ರ ದಶಕದಲ್ಲಿ ಪತ್ರಿಕಾ ಕಾಗದವನ್ನೂ ಸಕ್ಕರೆಯನ್ನೂ ತಯಾರಿಸುತ್ತಿತ್ತು.

ಇಲ್ಲಿ ಒಂದು ಸಂಗತಿ ನನ್ನನ್ನು ಬಹಳ ಕಾಲದಿಂದ ಕಾಡುತ್ತದೆ. ಭದ್ರಾವತಿಯಲ್ಲಿ ಮಾಡಿದ ಸೇವೆಗೆ ತಮಗೆ ಸಲ್ಲಬೇಕಿದ್ದ ಸಂಭಾವನೆಯನ್ನು ವಿಶ್ವೇಶ್ವರಯ್ಯ ತೆಗೆದುಕೊಳ್ಳಲಿಲ್ಲ. ಅದರಿಂದ ಹುಡುಗರಿಗೆ ಕಸುಬು ಕಲಿಸುವ ಸಂಸ್ಥೆಯೊಂದು ಆಗಬೇಕು ಎಂದರು. ತಮ್ಮ ಹೆಸರೂ ಬೇಡವೆಂದರು. ಜಯಚಾಮರಾಜೇಂದ್ರರ ಹೆಸರಿನಲ್ಲಿ 1940ರ ದಶಕದಲ್ಲಿ ಆ ಸಂಸ್ಥೆ ಹುಟ್ಟಿತು. ಇಂದಿಗೂ ಎಸ್‌ಜೆಪಿ ಎಂದೇ ಪ್ರಸಿದ್ಧ. ಆದರೆ ಕಟ್ಟಿದ್ದು ಬೆಂಗಳೂರಿನಲ್ಲಿ. ದುಡಿಮೆ ಇಲ್ಲಿ, ಕಲಿಕೆ ಅಲ್ಲಿ ಎಂಬ ವಿಂಗಡಣೆ ಅಷ್ಟು ಹಿಂದೆಯೇ ಶುರುವಾಗಿತ್ತು. ಅಂಥ ದೊಡ್ಡವರಿಗೂ ಅದು ಅಸಹಜ ಅನ್ನಿಸಲಿಲ್ಲ.

ಕಾರ್ಖಾನೆಯ ಒಳ್ಳೆಯ ದಿನಗಳಲ್ಲಿ ಹತ್ತು ಸಾವಿರಕ್ಕೂ ಮೀರಿ ಜನ ಅಲ್ಲಿ ದುಡಿದರು. ತಮಿಳುನಾಡು, ಆಂಧ್ರ, ಕೇರಳದಿಂದ ಬಂದು ನೆಲೆಸಿದರು. ಇವತ್ತಿಗೂ ಭದ್ರಾವತಿಯ ಬೀದಿಯಲ್ಲಿ ತಮಿಳು, ತೆಲುಗು, ಉರ್ದು, ಕನ್ನಡ ಒಂದೇ ಉಸಿರಿನಲ್ಲಿ ಕೇಳುತ್ತವೆ. ನ್ಯೂಟೌನ್, ಪೇಪರ್ ಟೌನ್ ಎಂಬ ಹೊಸ ಬಡಾವಣೆಗಳು ಎದ್ದವು. ಕ್ವಾರ್ಟರ್ಸ್, ಆಸ್ಪತ್ರೆ, ಶಾಲೆ, ಆಟದ ಮೈದಾನ ಬಂದವು. 1965ರಲ್ಲಿ ಆಕಾಶವಾಣಿ ಕೇಂದ್ರ ಬಂತು. ಜಿಲ್ಲಾ ಕೇಂದ್ರವಾದ ಶಿವಮೊಗ್ಗಕ್ಕಲ್ಲ, ಭದ್ರಾವತಿಗೆ. ನಟ ದೊಡ್ಡಣ್ಣ ಸಿನಿಮಾಕ್ಕೆ ಹೋಗುವ ಮೊದಲು ಈ ಕಾರ್ಖಾನೆಯ ನೌಕರರು, ಕ್ರಿಕೆಟಿಗ ಜಿ.ಆರ್. ವಿಶ್ವನಾಥ್ ಹುಟ್ಟಿದ್ದು ಈ ಊರಿನಲ್ಲಿ. ಪರ್ಮನೆಂಟ್ ನೌಕರನಿಗೆ ಪಿಎಫ್ ಇತ್ತು, ಗ್ರಾಚ್ಯುಟಿ ಇತ್ತು, ಸೊಸೈಟಿಯಲ್ಲಿ ಸಾಲ ಸಿಗುತ್ತಿತ್ತು. ಏಳನೇ ಕ್ಲಾಸು ಓದಿದ ಅಪ್ಪ ಜನ್ನಾಪುರದಲ್ಲೋ ಹುಡ್ಕೊ ಕಾಲೋನಿಯಲ್ಲೋ ಒಂದು ಮನೆ ಮಾಡಿಕೊಂಡ, ಮಗನನ್ನು ಎಂಜಿನಿಯರಿಂಗ್ ಓದಿಸಿದ. ಬ್ಲೂಮ್ ಬರೆದ ಸರಪಳಿ ಇಲ್ಲಿ ಒಂದು ಪೀಳಿಗೆಯ ಕಾಲ ಯಾವ ಕೊಂಡಿಯೂ ಕಡಿಯದೆ ಸಾಗಿತ್ತು. ಆ ಮಗ ಬೆಂಗಳೂರಿಗೆ ಹೋದ. ಊರು ಕುಗ್ಗಿದ್ದರಲ್ಲಿ ಕಾರ್ಖಾನೆಯ ಸೋಲಿನಷ್ಟೇ ಅದರ ಗೆಲುವಿನ ಪಾಲೂ ಇದೆ ಎಂದು ನಾನು ಹೇಳುವುದು ಇದಕ್ಕೇ.

ಆ ಗೆಲುವಿಗೆ ಕಾಡು ತೆತ್ತ ಬೆಲೆಯನ್ನು ಮರೆಯುವಂತಿಲ್ಲ. ಇದ್ದಿಲಿಗಾಗಿ ದಶಕಗಳ ಕಾಲ ಮರ ಬಿತ್ತು. ಆಮೇಲೆ ಕಾಗದಕ್ಕಾಗಿ ಗುಡ್ಡ ಗುಡ್ಡಗಳಲ್ಲಿ ಅಕೇಶಿಯಾ ಎದ್ದಿತು. ಗಿರಣಿ ನಿಂತು ಐದು ವರ್ಷವಾದ ಮೇಲೆ, 2020ರಲ್ಲಿ, ಎಂಪಿಎಂ ನೆಡುತೋಪಿನ ಅರಣ್ಯಭೂಮಿಯ ಗುತ್ತಿಗೆಯನ್ನು ಮತ್ತೆ 40 ವರ್ಷಕ್ಕೆ ವಿಸ್ತರಿಸಿದಾಗ ಮಲೆನಾಡಿನ ಹಳ್ಳಿಗಳು ಸಿಟ್ಟಿಗೆದ್ದದ್ದು ಸಹಜವೇ ಆಗಿತ್ತು.

ಸೋಲಿನ ಕಾರಣಗಳನ್ನು ಹುಡುಕಲು ದಕ್ಷಿಣ ಕೊರಿಯಾದ ಪೋಹಾಂಗ್ ಕಡೆ ನೋಡಬೇಕು. ಅಲ್ಲಿನ ಪೋಸ್ಕೊ ಉಕ್ಕು ಸ್ಥಾವರ ಶುರುವಾದದ್ದು 1973ರಲ್ಲಿ, ಭದ್ರಾವತಿಗಿಂತ ಸರಿಯಾಗಿ ಐವತ್ತು ವರ್ಷ ತಡವಾಗಿ. ಮೊದಲ ಹಂತದಲ್ಲೇ ವರ್ಷಕ್ಕೆ ಹತ್ತು ಲಕ್ಷ ಟನ್. ಸಮುದ್ರದ ದಂಡೆ, ಹಡಗಿನಲ್ಲಿ ಬರುವ ಅದಿರು, ಕಲ್ಲಿದ್ದಲು. ಭದ್ರಾವತಿ ಲಕ್ಷ ಟನ್ನಿನ ಆಸುಪಾಸಿನಲ್ಲೇ ಉಳಿಯಿತು. ಕಾಲಕ್ಕೆ ತಕ್ಕ ಬಂಡವಾಳ ಬರಲಿಲ್ಲ, ಕೆಮ್ಮಣ್ಣುಗುಂಡಿಯ ಬಳಿಕ ಸ್ವಂತ ಅದಿರಿನ ಗಣಿ ಕೈಗೆ ಹತ್ತಲಿಲ್ಲ. ಅತ್ತ 1990ರ ದಶಕದಲ್ಲಿ ಅದಿರಿನ ಪಕ್ಕದಲ್ಲೇ, ತೋರಣಗಲ್ಲಿನಲ್ಲಿ, ಇಂದು ಕೋಟಿ ಟನ್ ಮೀರಿದ ಖಾಸಗಿ ಸ್ಥಾವರ ತಲೆಯೆತ್ತಿತು. 1989ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರ ಭದ್ರಾವತಿಯ ಕಾರ್ಖಾನೆಯನ್ನು ವಹಿಸಿಕೊಂಡಿತು, 1998ರಲ್ಲಿ ತನ್ನೊಳಗೆ ವಿಲೀನ ಮಾಡಿಕೊಂಡಿತು. ಆಮೇಲೆ ಮಾರಲು ಹೊರಟಿತು; ಕೊಳ್ಳುವವರು ಸಿಗದೆ 2022ರಲ್ಲಿ ಆ ಯತ್ನವೂ ಬಿದ್ದುಹೋಯಿತು. ಕಾರ್ಖಾನೆಗೆ ನೂರು ತುಂಬಿದ 2023ರ ಜನವರಿಯಲ್ಲೇ ಮುಚ್ಚುವ ನಿರ್ಧಾರ ಹೊರಬಿತ್ತು. ಎಂಪಿಎಂ 2015ರಲ್ಲೇ ನಿಂತಿತ್ತು. ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಕೂತರು, ಸ್ವಾಮೀಜಿಗಳೂ ಸಿನಿಮಾದವರೂ ದನಿಗೂಡಿಸಿದರು, ಕೆಲವು ವಿಭಾಗಗಳು ಮತ್ತೆ ಓಡಿದವು. 2024ರಲ್ಲಿ ಎಚ್.ಡಿ. ಕುಮಾರಸ್ವಾಮಿ ಕೇಂದ್ರ ಉಕ್ಕು ಸಚಿವರಾದ ಮೇಲೆ ಪುನಶ್ಚೇತನದ ಮಾತು ಮತ್ತೆ ಕೇಳಿಬಂತು.

ಪುನಶ್ಚೇತನ ಬೇಡ ಎನ್ನುವವ ನಾನಲ್ಲ. ಮಿಶ್ರಲೋಹ, ವಿಶೇಷ ಉಕ್ಕಿನಲ್ಲಿ ಈ ಕಾರ್ಖಾನೆಗೆ ಒಳ್ಳೆಯ ಹೆಸರಿತ್ತು; ಸಣ್ಣ ಪ್ರಮಾಣಕ್ಕೂ ಅಲ್ಲಿ ಬೆಲೆಯಿದೆ. ಆದರೆ ಗೇಟಿನ ಮುಂದೆ ಕೂತವರು ಯಾರು ಎಂಬುದನ್ನು ಗಮನಿಸಿ. ಖಾಯಂ ನೌಕರರು ಕೆಲವೇ ನೂರು, ಗುತ್ತಿಗೆಯವರು ಸಾವಿರ ಮೀರಿ. ಅದೇ ಕುಲುಮೆ, ಅದೇ ಬಿಸಿ, ಅದೇ ಅಪಾಯ. ಆದರೆ ತಿಂಗಳಿಗೆ ಎಷ್ಟು ದಿನ ಕೆಲಸ ಎಂಬ ಖಾತ್ರಿ ಇಲ್ಲ, ಕ್ವಾರ್ಟರ್ಸ್ ಇಲ್ಲ, ನಲವತ್ತು ದಾಟಿದ ಮೇಲೆ ಹೋಗಲು ಬೇರೆ ಜಾಗವೂ ಇಲ್ಲ. ಅಪ್ಪನ ಸಂಬಳದಲ್ಲಿ ಮನೆ ಎದ್ದಿತ್ತು. ಮಗನ ಕೂಲಿಯಲ್ಲಿ ಅದರ ಹೆಂಚು ತಿರುವಿಸಲೂ ಕಷ್ಟ. ಉದ್ಯೋಗದ ಅಂಕಿಅಂಶದಲ್ಲಿ ಮಾತ್ರ ಇಬ್ಬರೂ ಒಂದೊಂದು ಎಣಿಕೆ.

ಈಗ ಶಿವಮೊಗ್ಗಕ್ಕೆ ಬರೋಣ. ಈ ಊರು ಪದವಿಗಳನ್ನು ತಯಾರಿಸುತ್ತದೆ. ಸಹ್ಯಾದ್ರಿ ಕಾಲೇಜು ಹಳೆಯದು. 1980ರಲ್ಲಿ ಜವಾಹರಲಾಲ್ ನೆಹರೂ ರಾಷ್ಟ್ರೀಯ ಎಂಜಿನಿಯರಿಂಗ್ ಕಾಲೇಜು, 1987ರಲ್ಲಿ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯ, ಆಮೇಲೆ ಸರ್ಕಾರಿ ವೈದ್ಯಕೀಯ ಕಾಲೇಜು, ಕೆಳದಿ ಶಿವಪ್ಪ ನಾಯಕರ ಹೆಸರಿನ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯ. ಗೇಣಿದಾರರು ಹೋರಾಡಿದ ಕಾಗೋಡು ಸತ್ಯಾಗ್ರಹದ ನೆಲವಿದು. ಭೂಸುಧಾರಣೆಯಲ್ಲಿ ಎರಡೆಕರೆ ಸಿಕ್ಕ ಗೇಣಿದಾರನ ಮೊಮ್ಮಕ್ಕಳು ಈ ತರಗತಿಗಳಲ್ಲಿ ಕೂತರು. ಅದು ಸಣ್ಣ ಸಾಧನೆಯಲ್ಲ. ಪದವಿ ಮುಗಿದ ಮೇಲೆ ಎರಡು ದಾರಿ: ಬೆಂಗಳೂರಿನ ರೈಲು ಅಥವಾ ಕೋಚಿಂಗ್ ಸೆಂಟರು.

ಕೋಚಿಂಗ್ ಸೆಂಟರಿನ ಬೆಂಚಿನಲ್ಲಿ ಎಫ್‌ಡಿಎ, ಎಸ್‌ಡಿಎ, ಪಿಡಿಒ, ಪಿಎಸ್‌ಐ ಎಂದು ಸರ್ಕಾರಿ ಹುದ್ದೆಗಳ ಪರೀಕ್ಷೆಗೆ ಓದುತ್ತ ವರ್ಷಗಳು ಕಳೆಯುತ್ತವೆ. 2021ರ ಅಕ್ಟೋಬರ್‌ನಲ್ಲಿ 545 ಪಿಎಸ್‌ಐ ಹುದ್ದೆಗೆ ರಾಜ್ಯದಾದ್ಯಂತ 54 ಸಾವಿರಕ್ಕೂ ಹೆಚ್ಚು ಜನ ಪರೀಕ್ಷೆ ಬರೆದರು. ಅಕ್ರಮ ಬಯಲಾಗಿ ನೇಮಕಾತಿ ರದ್ದಾಯಿತು, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಇಪ್ಪತ್ತಮೂರರ ಹುಡುಗನಿಗೆ ಎರಡೂಕಾಲು ವರ್ಷ ಎಂದರೆ ಏನು ಎಂಬುದನ್ನು ಯಾವ ತನಿಖಾ ವರದಿಯೂ ಬರೆಯಲಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಸೇರಿ ತಂದ 2024ರ ಭಾರತ ಉದ್ಯೋಗ ವರದಿಯ ಲೆಕ್ಕ ಹೀಗಿದೆ: ಓದುಬರಹ ಬಾರದ ಯುವಜನರಲ್ಲಿ ನಿರುದ್ಯೋಗ ಶೇ 3.4, ಪದವೀಧರರಲ್ಲಿ ಶೇ 29.1. ಓದಿದಷ್ಟೂ ಕೆಲಸ ದೂರ ಎಂದು ಇದನ್ನು ಓದಿಕೊಳ್ಳುವುದು ಪೂರ್ತಿ ಸರಿಯಲ್ಲ. ಓದದವನಿಗೆ ನಿರುದ್ಯೋಗಿಯಾಗಿರಲು ಶಕ್ತಿಯಿಲ್ಲ; ಸಿಕ್ಕ ಕೂಲಿಗೆ ಹೋಗುತ್ತಾನೆ. ಓದಿದವನಿಗೆ ಕಾಯಲು ಅಪ್ಪನ ಪಿಂಚಣಿಯೋ ಒಂದೆಕರೆ ಅಡಿಕೆ ತೋಟವೋ ಇದೆ. ಹಿಂದಿನ ಪೀಳಿಗೆಯ ಉಳಿತಾಯ ಈಗ ಬಂಡವಾಳವಾಗುವ ಬದಲು ಕಾಯುವಿಕೆಯ ಖರ್ಚಾಗುತ್ತಿದೆ.

ಕೆಲಸವೇ ಇಲ್ಲವೇ ಎಂದರೆ, ಇದೆ. ಅಡಿಕೆಗೆ ಒಳ್ಳೆಯ ಬೆಲೆ ಸಿಗುವ ಈ ಕಾಲದಲ್ಲಿ ಭದ್ರಾವತಿ ಸುತ್ತಿನ ಗದ್ದೆಗಳೆಲ್ಲ ತೋಟವಾಗುತ್ತಿವೆ, ಮರ ಹತ್ತುವ ಕೊನೆಗೌಡ ಮಾತ್ರ ಸಿಗುವುದಿಲ್ಲ. ತೋಟದಲ್ಲಿ, ಕಟ್ಟಡದಲ್ಲಿ, ಹೋಟೆಲಿನಲ್ಲಿ ಬಿಹಾರ, ಒಡಿಶಾ, ಅಸ್ಸಾಂ, ನಮ್ಮದೇ ಉತ್ತರ ಕರ್ನಾಟಕದಿಂದ ಬಂದವರು. ಅಂದರೆ ಶಿವಮೊಗ್ಗ ತನ್ನ ಹರೆಯವನ್ನು ಬೆಂಗಳೂರಿಗೆ ಕೊಟ್ಟು, ತನ್ನ ಕೆಲಸಕ್ಕೆ ಪಟ್ನಾದ ಹರೆಯವನ್ನು ತರಿಸಿಕೊಳ್ಳುತ್ತಿದೆ. ಇದರಲ್ಲಿ ತಪ್ಪೇನಿಲ್ಲ, ಭದ್ರಾವತಿಯನ್ನು ಕಟ್ಟಿದವರೂ ಹೀಗೇ ಬಂದವರು. ವ್ಯತ್ಯಾಸ ಇಷ್ಟೇ: ಅಂದು ಬಂದವರಿಗೆ ಕ್ವಾರ್ಟರ್ಸ್ ಸಿಕ್ಕಿತು, ಇಂದು ಬಂದವರಿಗೆ ಶೆಡ್ಡು.

ಹೆಣ್ಣುಮಕ್ಕಳ ಲೆಕ್ಕ ಬೇರೆಯೇ. ದೇಶದಲ್ಲಿ ದುಡಿಮೆಯಲ್ಲಿರುವ ಅಥವಾ ಕೆಲಸ ಹುಡುಕುವ ಮಹಿಳೆಯರ ಪ್ರಮಾಣ 2017–18ರಲ್ಲಿ ಶೇ 23.3 ಇದ್ದದ್ದು 2023–24ರಲ್ಲಿ ಶೇ 41.7ಕ್ಕೆ ಏರಿದೆ. ಕೇಳಲು ಚೆಂದ. ಆದರೆ ಈ ಏರಿಕೆಯ ದೊಡ್ಡ ಪಾಲು ಸಂಬಳವಿಲ್ಲದ ಮನೆಯ ದುಡಿಮೆ ಮತ್ತು ಸ್ವಂತ ಸಣ್ಣಪುಟ್ಟ ವ್ಯವಹಾರ. ಹಾಗಾಗಿ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶಕ್ಕೆ ಬೆಳಿಗ್ಗೆ ಬಸ್ಸುಗಳಲ್ಲಿ ಬಂದಿಳಿಯುವ ಗಾರ್ಮೆಂಟ್ಸ್ ಹೆಣ್ಣುಮಕ್ಕಳನ್ನು ನಾನು ಬಹಳ ಮುಖ್ಯ ಎಂದು ತಿಳಿದಿದ್ದೇನೆ. ಕೂಲಿ ಕಡಿಮೆ, ಟಾರ್ಗೆಟ್ಟಿನ ಒತ್ತಡ ಹೆಚ್ಚು, ನಿಜ. ಆದರೂ ಬೆಂಗಳೂರಿನ ಪೀಣ್ಯದಲ್ಲಿ ಬಾಡಿಗೆಗೆ ಹೋಗುವ ಹಣ ಇಲ್ಲಿ ಅವರ ಬ್ಯಾಂಕ್ ಖಾತೆಯಲ್ಲಿ ಉಳಿಯುತ್ತದೆ, ಪಿಎಫ್ ಕಟ್ಟುತ್ತದೆ. ಸಂಜೆ ಮನೆಗೆ ಮರಳುತ್ತಾರೆ. ಕೈಗಾರಿಕೆಯನ್ನು ಜನರಿರುವ ಕಡೆ ತರುವುದು ಎಂದರೆ ಏನು ಎಂಬುದಕ್ಕೆ ಜಿಲ್ಲೆಯಲ್ಲಿ ಇದಕ್ಕಿಂತ ಸ್ಪಷ್ಟ ಉದಾಹರಣೆ ಇಲ್ಲ. ಇದರ ಬಗ್ಗೆ ಯಾರೂ ಶಂಕುಸ್ಥಾಪನೆಯ ಭಾಷಣ ಮಾಡುವುದಿಲ್ಲ.

ಶಂಕುಸ್ಥಾಪನೆಗಳಿಗೇನೂ ಕೊರತೆಯಿಲ್ಲ ಬಿಡಿ. ಕಡಿದಾಳು ಮಂಜಪ್ಪ, ಬಂಗಾರಪ್ಪ, ಜೆ.ಎಚ್. ಪಟೇಲ್, ಯಡಿಯೂರಪ್ಪ ಹೀಗೆ ನಾಲ್ವರು ಮುಖ್ಯಮಂತ್ರಿಗಳನ್ನು ಕೊಟ್ಟ ಹಳೆಯ ಜಿಲ್ಲೆ ಇದು. 2021ರ ಜನವರಿಯಲ್ಲಿ ಭದ್ರಾವತಿಯಲ್ಲಿ ಕ್ಷಿಪ್ರ ಕಾರ್ಯಪಡೆಯ ಘಟಕಕ್ಕೆ ಅಡಿಗಲ್ಲು ಬಿತ್ತು. ಕಾರ್ಖಾನೆ ನಿಲ್ಲುತ್ತಿರುವ ಊರಿಗೆ ಬಂದ ದೊಡ್ಡ ಸರ್ಕಾರಿ ಸಂಸ್ಥೆ ಗಲಭೆ ನಿಯಂತ್ರಣದ್ದು ಎಂಬುದರ ಬಗ್ಗೆ ಟಿಪ್ಪಣಿ ಬೇಕಿಲ್ಲ. 2023ರ ಫೆಬ್ರುವರಿ 27ರಂದು ಶಿವಮೊಗ್ಗದ ಸೋಗಾನೆಯಲ್ಲಿ ಕಮಲದಾಕಾರದ ವಿಮಾನ ನಿಲ್ದಾಣದ ಉದ್ಘಾಟನೆಯಾಯಿತು. ಸುಮಾರು 450 ಕೋಟಿ ರೂಪಾಯಿ, 3,200 ಮೀಟರ್ ರನ್‌ವೇ, ಕುವೆಂಪು ಅವರ ಹೆಸರು. ವಿಮಾನ ಬಂದರೆ ಹೂಡಿಕೆ ಬರುತ್ತದೆ ಎಂಬ ವಾದವಿದೆ. ಬರಬಹುದು. ಸದ್ಯಕ್ಕೆ ಅದು ಜನರನ್ನು ಬೆಂಗಳೂರಿಗೆ ಬೇಗ ತಲುಪಿಸುತ್ತಿದೆ.

ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ ಕೊಡುವ ಯುವನಿಧಿ ಯೋಜನೆಗೆ ಸರ್ಕಾರ 2024ರ ಜನವರಿ 12ರಂದು ಚಾಲನೆ ನೀಡಿದ್ದು ಶಿವಮೊಗ್ಗದಲ್ಲೇ, ಹಳೆಯ ಜೈಲಿನ ಜಾಗದಲ್ಲಾದ ಫ್ರೀಡಂ ಪಾರ್ಕಿನಲ್ಲಿ. ಇದನ್ನು ಬಿಟ್ಟಿ ಭಾಗ್ಯ ಎಂದು ಜರೆಯುವವರ ಜೊತೆ ನಾನಿಲ್ಲ. ಕಾಯುವವನ ಬಸ್ ಚಾರ್ಜಿಗೆ, ಅರ್ಜಿ ಶುಲ್ಕಕ್ಕೆ ಅದು ಆಗುತ್ತದೆ. ನನ್ನ ತಕರಾರು, ಕೆಲಸ ಸಿಕ್ಕಿದ ಕೂಡಲೇ ಹಣ ನಿಲ್ಲುತ್ತದೆ ಎಂಬುದರ ಬಗ್ಗೆ. ಎಂಟು ಹತ್ತು ಸಾವಿರದ ಮೊದಲ ಕೆಲಸಕ್ಕೆ ಸೇರಿ ಕಸುಬು ಕಲಿಯುವವನಿಗೆ ಅದು ದಂಡ ಹಾಕಿದಂತೆ.

ಆ ಮೊದಲ ಕೆಲಸ ಎಲ್ಲಿಂದ ಬರಬೇಕು? ಆರ್ಥಿಕ ಸಮೀಕ್ಷೆ (2023–24) ಹೇಳುವಂತೆ 2030ರವರೆಗೆ ದೇಶ ಪ್ರತಿವರ್ಷ ಕೃಷಿಯ ಹೊರಗೆ 78.5 ಲಕ್ಷ ಕೆಲಸ ಸೃಷ್ಟಿಸಬೇಕು. ಇಷ್ಟನ್ನು ಬೆಂಗಳೂರಿನಂಥ ಐದಾರು ನಗರಗಳು ಹೊರಲಾರವು. ಇನ್ನೊಂದು ಭದ್ರಾವತಿಯನ್ನು ಸರ್ಕಾರ ಕಟ್ಟುವುದೂ ಇಲ್ಲ. ಉಳಿದದ್ದು ಐವತ್ತರಿಂದ ಐನೂರು ಜನ ದುಡಿಯುವ ಮಧ್ಯಮ ಗಾತ್ರದ ಉದ್ಯಮ. ಅದು ಇಲ್ಲಿ ಈಗಾಗಲೇ ಇದೆ, ಗಮನ ಸೆಳೆಯದೆ. ಶಿವಮೊಗ್ಗದ ಸಾಗರ ರಸ್ತೆಯ ಕೈಗಾರಿಕಾ ಪ್ರದೇಶದಲ್ಲಿ, ಮಾಚೇನಹಳ್ಳಿಯಲ್ಲಿ ಫೌಂಡ್ರಿಗಳಿವೆ. ವಾಹನ ಕಂಪನಿಗಳಿಗೆ ಎರಕದ ಬಿಡಿಭಾಗ ಕಳಿಸುತ್ತವೆ. ಕಬ್ಬಿಣ ಕರಗಿಸಿ ಎರೆಯುವ ವಿದ್ಯೆಯನ್ನು ನೂರು ವರ್ಷದಿಂದ ಅರೆದು ಕುಡಿದ ಊರು ಪಕ್ಕದಲ್ಲೇ ಇರುವುದು ಅವುಗಳಿಗೆ ಅನುಕೂಲವೇ. ಇನ್ನೂ ಸಣ್ಣವು ತೀರ್ಥಹಳ್ಳಿ, ಶಿವಮೊಗ್ಗದ ವರ್ಕ್‌ಶಾಪುಗಳು. ಅಡಿಕೆ ಸುಲಿಯಲು ಆಳು ಸಿಗದ ಕಷ್ಟವನ್ನು ಕಣ್ಣಾರೆ ಕಂಡವರು ಅಲ್ಲಿ ಸುಲಿಯುವ ಯಂತ್ರ ಕಟ್ಟಿದರು, ತಿದ್ದಿದರು, ಮಾರಿದರು. ಯಾವ ಸ್ಟಾರ್ಟ್‌ಅಪ್ ಸಮಾವೇಶದಲ್ಲೂ ಅವರ ಫೋಟೊ ಇರಲಿಲ್ಲ.

ಇಂಥ ಕಡೆ ಬೇಕಾಗಿರುವುದು ಲೇತ್, ವೆಲ್ಡಿಂಗ್, ಸಿಎನ್‌ಸಿ, ಮೌಲ್ಡಿಂಗ್ ಬಲ್ಲ ಹುಡುಗ ಹುಡುಗಿಯರು, ಮತ್ತು ಅವರು ಎರಡು ವರ್ಷ ನಿಂತು ಕಲಿಯುವಷ್ಟು ಕೂಲಿ. ಅಪ್ರೆಂಟಿಸ್ ಭತ್ಯೆಯಲ್ಲಿ ಕಾಲುಭಾಗವನ್ನು, ಗರಿಷ್ಠ 1,500 ರೂಪಾಯಿವರೆಗೆ, ಕೇಂದ್ರ ಭರಿಸುವ ಯೋಜನೆ 2016ರಿಂದ ಇದೆ. ಯುವನಿಧಿಯಲ್ಲಿ ಒಬ್ಬ ಪದವೀಧರನಿಗೆ ಎರಡು ವರ್ಷಕ್ಕೆ ಸಲ್ಲುವುದು 72,000 ರೂಪಾಯಿ. ಇವೆರಡನ್ನೂ ಕೂಡಿಸಿ ಫೌಂಡ್ರಿಯ, ವರ್ಕ್‌ಶಾಪಿನ, ಅಡಿಕೆ ಸಂಸ್ಕರಣಾ ಘಟಕದ ಅಪ್ರೆಂಟಿಸ್‌ಗಳಿಗೆ ಕೊಟ್ಟು ನೋಡಬಹುದು, ಮೊದಲು ಭದ್ರಾವತಿ ತಾಲ್ಲೂಕೊಂದರಲ್ಲೇ. ಕಲಿಸಲು ಗುರುಗಳನ್ನು ಹೊರಗಿನಿಂದ ತರಬೇಕಿಲ್ಲ. ಭದ್ರಾವತಿಯ ಉಕ್ಕಿನ ಕಾರ್ಖಾನೆಯಿಂದ ನಿವೃತ್ತರಾದ ಫಿಟ್ಟರುಗಳು, ಮೌಲ್ಡರುಗಳು, ಕ್ರೇನ್ ಆಪರೇಟರುಗಳು ಜನ್ನಾಪುರ, ಹಳೇನಗರದ ಮನೆಗಳಲ್ಲೇ ಇದ್ದಾರೆ. ಅವರಲ್ಲಿ ಹೆಚ್ಚಿನವರಿಗೆ ಅರವತ್ತು ದಾಟಿದೆ.